ಒಮ್ಮೆ ಮಾತ್ರ ತಟ್ಟುವ ಕರೆ

ಬೆಟಗೇರಿಯ ಆ ರೊಟ್ಟಿ ಕೇಂದ್ರದಲ್ಲಿ ದಿನಕ್ಕೊಮ್ಮೆ ಸದ್ದು ನಿಲ್ಲುತ್ತದೆ. ಮಧ್ಯಾಹ್ನದ ಊಟ ಮುಗಿದು, ಕಪ್ಪತಗುಡ್ಡದ ಕಡೆಯಿಂದ ಗಾಳಿ ಏಳುವ ಹೊತ್ತು ಅದು. ಅಲ್ಲಿಯವರೆಗೆ ಸಾಲಾಗಿ ಕುಳಿತ ಹೆಂಗಸರ ಅಂಗೈಗಳು ಜೋಳದ ಹಿಟ್ಟಿನ ಮೇಲೆ ಪಟಪಟ ಬೀಳುತ್ತಿರುತ್ತವೆ. ವಿದ್ಯುತ್ತಿನ ಕಾವಿಗೆ ಹಂಚುಗಳು ಸಣ್ಣಗೆ ಹೊಗೆಯಾಡುತ್ತಿರುತ್ತವೆ. ಯಾರದೋ ನಾದಿನಿಯ ಕಥೆ ಅರ್ಧಕ್ಕೆ ಬಂದಿರುತ್ತದೆ. ಕೈಪಟ್ಟಿಗಳ ಮೇಲೆ ಸಣ್ಣದೊಂದು ಹಸಿರು ಗೆರೆ ಮೂಡಿದ ಕೂಡಲೇ ಎಲ್ಲರ ಕೈಗಳೂ ಗಾಳಿಯಲ್ಲೇ ನಿಲ್ಲುತ್ತವೆ. ಕಥೆಯೂ ನಿಲ್ಲುತ್ತದೆ. ಒಂದು ಉಸಿರಿನಷ್ಟು ಹೊತ್ತು, ಹಂಚಿನ ಮೇಲೆ ರೊಟ್ಟಿ ಉಬ್ಬುವುದೊಂದನ್ನು ಬಿಟ್ಟರೆ ಅಲ್ಲಿ ಬೇರೇನೂ ಅಲುಗುವುದಿಲ್ಲ.

ಅವತ್ತು ಕಸ್ತೂರಿಯ ಕೈಪಟ್ಟಿಯಲ್ಲಿ ಹಸಿರು ಗೆರೆಯ ಕೆಳಗೆ ಒಂದು ಕೆಂಪು ಚುಕ್ಕಿ ಇತ್ತು. ಗೆರೆ ಆರಿತು, ಚುಕ್ಕಿ ಉಳಿಯಿತು. ಮರುಕ್ಷಣ ಪಟ್ಟಿ ಅವಳ ಮಣಿಕಟ್ಟಿನ ಮೇಲೆ ಮೆಲ್ಲಗೆ ನಡುಗಿತು.

"ನಿನ್ನ ಮಗಳು ಕರ್ಯಾಕತ್ತಾಳ, ಏಳು" ಎಂದಳು ಪಕ್ಕದ ಹಂಚಿನ ಹುಸೇನಬಿ. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯಳು, ಮಾತಿನಲ್ಲಿ ಎಲ್ಲರಿಗಿಂತ ಚುರುಕು. "ರೊಟ್ಟಿ ನಾ ತಿರುವಿ ಹಾಕ್ತೀನಿ. ಹೊತ್ತಿದ್ರ ನನ್ನ ಮ್ಯಾಲ ಹಾಯಬ್ಯಾಡ."

"ನೀ ತಿರುವಿದ ರೊಟ್ಟಿ ಎಂದೂ ಹೊತ್ತೇ ಇಲ್ಲೇನು ಚಾಚಿ?" ಎನ್ನುತ್ತಲೇ ಕಸ್ತೂರಿ ಕೈಯ ಹಿಟ್ಟು ಉದುರಿಸಿಕೊಂಡು ಹೊರಟಳು. ಮನೆ ಅದೇ ಓಣಿಯ ತುದಿಯಲ್ಲಿತ್ತು.

ಹತ್ತು ವರ್ಷದ ತುಂಗಾ ದಿಂಬಿಗೊರಗಿ ಮಲಗಿದ್ದಳು. ಹುಟ್ಟಿನಿಂದಲೇ ಅವಳ ಸ್ನಾಯುಗಳಿಗೆ ಬಲವಿರಲಿಲ್ಲ. ಮಾತು ಪಿಸುಮಾತಿನಷ್ಟು ಮೆಲ್ಲಗೆ. ಕಣ್ಣಿನ ಚಲನೆಯಿಂದಲೇ ಪರದೆಯ ಮೇಲೆ ಪಾಠ ಓದುತ್ತಿದ್ದಳು. ಕೈಕಾಲುಗಳ ಪೈಕಿ ಅವಳ ಮಾತು ಕೇಳುತ್ತಿದ್ದದ್ದು ಬಲಗೈಯ ತೋರುಬೆರಳೊಂದೇ.

"ಬಿಸಲು ಕಣ್ಣಾಗ ಬರ್ತಿತ್ತು" ಎಂದಳು.

ಕಸ್ತೂರಿ ಕಿಟಕಿಯ ಪರದೆ ಎಳೆದಳು. ಮಗಳ ಬೆರಳನ್ನು ಎತ್ತಿ ಮತ್ತೆ ಹಾಸಿಗೆಯಂಚಿನ ಕರೆಗುಂಡಿಯ ಮೇಲೆ ಇಟ್ಟಳು. "ಇಷ್ಟಕ್ಕ ಕರದ್ಯಾ ನನ್ನ?"

"ಹೂಂ" ಎಂದಳು ತುಂಗಾ, ಸಮಾಧಾನದಿಂದ. "ಬಂದಿ ಅಲ್ಲ."

ಬಿಸಿಲಿನ ಸಲುವಾಗಿ ಬಂದ ಆ ಕರೆ ಅವಳ ತಾಯಿಗೆ ಎಷ್ಟು ಸುಖ ಕೊಟ್ಟಿತೆಂದು ತಿಳಿಯಬೇಕಾದರೆ, ಒಂದು ವರ್ಷ ಹಿಂದಕ್ಕೆ ಹೋಗಬೇಕು. ಆಗ ಕೈಪಟ್ಟಿಗಳಿದ್ದವು, ಗುಂಡಿಗಳಿದ್ದವು. ಕೆಂಪು ಚುಕ್ಕಿ ಇರಲಿಲ್ಲ.

ಆ ಹೊತ್ತಿಗಾಗಲೇ ಊರಿನ ಪ್ರತಿ ಮನೆಗೂ ಒಂದು ಗಣಕಯಂತ್ರವಿತ್ತು, ಆದರೆ ಯಾರ ಮನೆಯಲ್ಲೂ ಪೆಟ್ಟಿಗೆ ಇರಲಿಲ್ಲ. ಎಲ್ಲ ಮನೆಗಳ ಯಂತ್ರಗಳೂ ಊರಾಚೆಯ ಒಂದು ದೊಡ್ಡ ಯಂತ್ರದೊಳಗೆ ಬಿಡಾರ ಹೂಡಿದ್ದವು, ಒಂದೇ ವಠಾರದಲ್ಲಿ ನೂರಾರು ಸಂಸಾರಗಳು ಇದ್ದಂತೆ. ಒಳಗಿರುವ ಒಂದೊಂದು ಯಂತ್ರವೂ ತಾನೇ ಒಂದು ಇಡೀ ಮನೆ ಎಂದುಕೊಂಡಿರುತ್ತದೆ. ಗೋಡೆಯಾಚೆ ನೆರೆಯವರಿದ್ದಾರೆಂಬುದೂ ಅದಕ್ಕೆ ಗೊತ್ತಿರುವುದಿಲ್ಲ. ಇವನ್ನು ಅತಿಥಿ ಯಂತ್ರಗಳೆಂದೂ, ಇವಕ್ಕೆಲ್ಲ ಜಾಗ ಹಂಚಿಕೊಟ್ಟು ನೋಡಿಕೊಳ್ಳುವ ಮೇಲ್ವಿಚಾರಕನನ್ನು ಹೈಪರ್‌ವೈಸರ್ ಎಂದೂ ಕರೆಯುತ್ತಾರೆ.

ಹಗಲು ಈ ವಠಾರ ನಡೆಯುತ್ತಿದ್ದದ್ದು ಸೂರ್ಯನ ಶಕ್ತಿಯಿಂದ, ಊರಂಚಿನ ಬಿಸಿಲಮನೆಯಲ್ಲಿ. ಇಳಿಹೊತ್ತಿನಲ್ಲಿ ಗುಡ್ಡದ ಗಾಳಿಗಂಬಗಳು ತಿರುಗತೊಡಗಿದ ಮೇಲೆ ಗುಡ್ಡದ ಮೇಲಿನ ಗಾಳಿಮನೆಯಲ್ಲಿ. ದಿನವೂ ಗಾಳಿ ಎದ್ದಾಗ ಎಲ್ಲ ಅತಿಥಿ ಯಂತ್ರಗಳನ್ನೂ ಒಂದು ಕ್ಷಣ ಉಸಿರು ಹಿಡಿಸಿ, ಅವುಗಳ ನೆನಪನ್ನೆಲ್ಲ ಬಿಸಿಲಮನೆಯಿಂದ ಗಾಳಿಮನೆಗೆ ಸಾಗಿಸಿ, ಅಲ್ಲಿ ಮತ್ತೆ ಉಸಿರು ಬಿಡಿಸುತ್ತಿದ್ದರು. ಇದಕ್ಕೆ ಜನ ಇಟ್ಟ ಹೆಸರು 'ದಾಟು'. ದಾಟು ಆದದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನು ಹಾಗೆ ತಿಳಿಯದಂತೆ ಮಾಡಿದ ವಿಜ್ಞಾನಿ ನೀಲಾಂಬಿಕಾ ಅಂಗಡಿ, ಅದೇ ಊರಿನ ಹೆಣ್ಣುಮಗಳು. ಆಕೆಗೆ ಆ ಬಗ್ಗೆ ಹೆಮ್ಮೆಯೂ ಇತ್ತು.

ಆ ವರ್ಷದ ಶ್ರಾವಣದಲ್ಲಿ ರೊಟ್ಟಿ ಕೇಂದ್ರಕ್ಕೆ ಮಠದ ದಾಸೋಹದ ಕೆಲಸ ಬಂದಿತ್ತು. ಬುಟ್ಟಿಗಟ್ಟಲೆ ಖಡಕ್ ರೊಟ್ಟಿ ಆಗಬೇಕು. ಕಸ್ತೂರಿ ತಲೆ ಎತ್ತದೆ ಬಡಿಯುತ್ತಿದ್ದಳು, ಆದರೆ ಮನಸ್ಸು ಮಣಿಕಟ್ಟಿನ ಮೇಲೇ ಇತ್ತು. ಪಟ್ಟಿ ನಡುಗಲಿಲ್ಲ. ಗಾಳಿ ಎದ್ದು, ಒಂದು ಬುಟ್ಟಿ ತುಂಬಿದ ಮೇಲೆ, ಎಂದಿನಂತೆ ಮಗಳಿಗೆ ನೀರು ಕುಡಿಸಿ ಬರಲು ಮನೆಗೆ ಹೋದಳು.

ತುಂಗಾಳ ತಲೆ ದಿಂಬಿನಿಂದ ಜಾರಿ ಒಂದು ಕಡೆ ವಾಲಿತ್ತು. ಗಂಟಲಲ್ಲಿ ಜೊಲ್ಲು ಕಟ್ಟಿ, ತುಟಿ ನೀಲಿಗಟ್ಟಿತ್ತು. ಕಣ್ಣು ಮಾತ್ರ ಬಾಗಿಲ ಕಡೆಗೇ ನೆಟ್ಟಿತ್ತು.

ಆಸ್ಪತ್ರೆಯವರು ಮಗುವನ್ನು ಉಳಿಸಿದರು. ವಾರದೊಳಗೆ ಮನೆಗೂ ಕಳಿಸಿದರು. ಕಸ್ತೂರಿ ಹಾಸಿಗೆ ಸರಿಮಾಡಿ, ಮಗಳ ಬೆರಳನ್ನು ಗುಂಡಿಯ ಮೇಲಿಟ್ಟಾಗ, ಆ ಬೆರಳು ತುಸುವೇ ಪಕ್ಕಕ್ಕೆ ಸರಿಯಿತು.

"ಯಾಕವಾ?"

"ಬ್ಯಾಡ" ಎಂದಳು ತುಂಗಾ. "ನಾ ಕರದಿದ್ದೆ. ನೀ ಬರಲಿಲ್ಲ."

ಅಂದಿನಿಂದ ಅವಳು ಗುಂಡಿ ಒತ್ತಲೇ ಇಲ್ಲ. ನೀರಡಿಕೆಯಾದರೂ ಇಲ್ಲ, ಕಾಲು ಜೋಮು ಹಿಡಿದರೂ ಇಲ್ಲ. ಕರೆಯದ ಮಗುವನ್ನು ಬಿಟ್ಟು ಹೋಗುವುದು ಹೇಗೆ? ಕಸ್ತೂರಿ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಿ ಮಂಚದ ಪಕ್ಕದಲ್ಲೇ ಕುಳಿತಳು. ಅವಳ ಗಂಡ ಗಾಳಿಗಂಬಗಳ ರಿಪೇರಿಗೆ ಊರೂರು ತಿರುಗುವವನು, ಫೋನಿನಲ್ಲಿ "ಹ್ಯಾಂಗಿದ್ದಾಳ?" ಎಂದು ಕೇಳಿದರೆ "ಅರಾಮ ಅದಾಳ" ಎನ್ನುತ್ತಿದ್ದಳು. ತುಂಗಾ ಅರಾಮವಾಗಿಯೇ ಇದ್ದಳು. ಆದರೆ ಯಾರನ್ನೂ ಕರೆಯದೆ ಬದುಕುವುದನ್ನು ಅವಳು ಆ ವಯಸ್ಸಿಗೇ ರೂಢಿ ಮಾಡಿಕೊಳ್ಳುತ್ತಿದ್ದಳು. ತಾಯಿಗೆ ಹೆದರಿಕೆಯಾದದ್ದು ಅದಕ್ಕೆ.

ಒಂದು ದಿನ ಹುಸೇನಬಿಯನ್ನು ಮಗಳ ಹತ್ತಿರ ಕೂರಿಸಿ ಕಸ್ತೂರಿ ಬಿಸಿಲಮನೆಗೆ ಹೋದಳು. ಅಲ್ಲಿಯ ಹುಡುಗರು ಯಂತ್ರದ ನೆನಪನ್ನೆಲ್ಲ ಜಾಲಾಡಿ, "ಅವತ್ತ ನಿಮ್ಮ ಮನಿಯಿಂದ ಯಾವ ಕರೀನೂ ಬಂದಿಲ್ರಿ. ನಿಮ್ಮ ಮಗಳು ಒತ್ತೇ ಇಲ್ಲ" ಎಂದರು.

"ಒತ್ತಿದ್ದೆ ಅಂತ ಹೇಳ್ತಾಳ್ರಿ."

"ಸಣ್ಣ ಹುಡುಗಿ. ಬ್ಯಾರೆ ಯಾವತ್ತರ ಒತ್ತಿರಬೇಕು, ಅವತ್ತ ಅಂದ್ಕೊಂಡಾಳ."

"ನನ್ನ ಮಗಳು ದಿನಕ್ಕ ಎಷ್ಟ ಸಲ ಬೆರಳ ಎತ್ತತಾಳ ಅನ್ನೂದು ಆಕಿಗೆ ಗೊತ್ತಿರ್ತೈತ್ರಿ. ನಿಮಗ ಎಷ್ಟ ಸಲ ಉಸರಾಡಿದ್ರಿ ಅನ್ನೂದು ಗೊತ್ತಿರಾಕಿಲ್ಲ, ಬಿಡ್ರಿ. ಪುಕ್ಕಟೆ ಬರ್ತೈತಿ ನೋಡ್ರಿ ನಿಮಗ."

ಒಳಗೆ ಕುಳಿತಿದ್ದ ನೀಲಾಂಬಿಕಾ ಈ ಮಾತು ಕೇಳಿ ಎದ್ದು ಬಂದರು. ಮರುದಿನ ತಾವೇ ಕಸ್ತೂರಿಯ ಮನೆಗೆ ಹೋದರು.

ಮಂಚದ ಪಕ್ಕ ಕುಳಿತು, "ತುಂಗವ್ವಾ, ನನ್ನ ಸಲುವಾಗಿ ಒಂದ ಸಲ ಒತ್ತತೀಯೇನು? ಯಾರನ್ನೂ ಕರ್ಯಾಕಲ್ಲ. ನಾ ಸುಮ್ಮ ನೋಡಾಕ" ಎಂದು ಕೇಳಿದರು.

ಕಸ್ತೂರಿ ಮಗಳ ಬೆರಳನ್ನು ಗುಂಡಿಯ ಮೇಲೆ ಇಟ್ಟಳು. ಆಮೇಲೆ ಬೆರಳು ಒತ್ತಿತು. ಒತ್ತಿದ್ದೇ ಅದರ ಬಲ ಮುಗಿದು, ಗುಂಡಿಯ ಮೇಲಿಂದ ಜಾರಿ ಹಾಸಿಗೆಯ ಮೇಲೆ ಬಿದ್ದು ಅಲ್ಲೇ ಉಳಿಯಿತು.

"ಮತ್ತ ಒತ್ತು ನೋಡೂಣು."

ಬೆರಳು ಹಾಸಿಗೆಯ ಮೇಲೆ ಒಮ್ಮೆ ಅಲುಗಿತು. ಏರಲಿಲ್ಲ.

"ಯಾರರ ಎತ್ತಿ ಇಡಬೇಕ್ರಿ" ಎಂದಳು ಕಸ್ತೂರಿ. "ಒಮ್ಮೆ ಇಟ್ರ ಒಂದ ಕರಿ. ಅಷ್ಟ."

ನೀಲಾಂಬಿಕಾ ಎದ್ದರು. ದಾರಿಯುದ್ದಕ್ಕೂ ತಮ್ಮ ಹೆಬ್ಬೆರಳನ್ನೇ ನೋಡಿಕೊಳ್ಳುತ್ತಿದ್ದರು. ದಾಟನ್ನು ಪರೀಕ್ಷಿಸುವಾಗ ಆ ಹೆಬ್ಬೆರಳಿಂದಲೇ ಅವರು ಗುಂಡಿ ಒತ್ತಿದ್ದು. ಒತ್ತಿ, ಲಿಫ್ಟಿನ ಗುಂಡಿ ಒತ್ತುವವರಂತೆ, ಬಾಗಿಲು ತೆರೆಯುವವರೆಗೆ ಬಿಡದೆ ಹಿಡಿದಿದ್ದು.

ತಪ್ಪು ಎಲ್ಲಿತ್ತೆಂದು ತಿಳಿಯಲು ಅಡುಗೆಮನೆಯನ್ನು ನೆನೆದರೆ ಸಾಕು. ನಾವು ಸಾರಿಗೆ ಒಗ್ಗರಣೆ ಹಾಕುತ್ತಿರುವಾಗ ಕೂಸು ಅಳುತ್ತದೆ. ಸೌಟು ಕೆಳಗಿಟ್ಟು, ಎಲ್ಲಿಗೆ ಬಂದಿದ್ದೆವೆಂದು ನೆನಪಿಟ್ಟುಕೊಂಡು, ಕೂಸನ್ನು ನೋಡಿ ಬಂದು, ಬಿಟ್ಟಲ್ಲಿಂದ ಮುಂದುವರಿಸುತ್ತೇವೆ. ಯಂತ್ರವೂ ಹಾಗೆಯೇ. ಅದರ ಕೆಲಸವನ್ನು ನಡುವೆ ನಿಲ್ಲಿಸಿ ಕರೆಯುವ ಕರೆಗೆ ಇಂಟರಪ್ಟ್ ಎನ್ನುತ್ತಾರೆ. ಕರೆಗಳು ಹಲವು ಬರುತ್ತವೆಯಾದ್ದರಿಂದ ಬಾಗಿಲಲ್ಲಿ ಒಬ್ಬ ಕಾವಲುಗಾರನಿರುತ್ತಾನೆ. ಯಾರು ಕರೆದರು, ಯಾರನ್ನು ಒಳಗೆ ಬಿಡಬೇಕು, ಯಾರು ಮೊದಲು, ಯಾರ ಕೆಲಸ ನಡೆದಿದೆ ಎಂಬುದನ್ನೆಲ್ಲ ಅವನು ರಿಜಿಸ್ಟರ್ ಎಂಬ ಪುಟ್ಟ ಪುಟ್ಟ ಗೂಡುಗಳಲ್ಲಿ ಗುರುತು ಹಾಕಿಟ್ಟುಕೊಳ್ಳುತ್ತಾನೆ. ಅತಿಥಿ ಯಂತ್ರಕ್ಕೆ ನಿಜವಾದ ಬಾಗಿಲಿಲ್ಲವಲ್ಲ. ಅದರ ಕಾವಲುಗಾರನೂ ಕಲ್ಪನೆಯವನೇ. ಅವನ ಗೂಡುಗಳು ಅತಿಥಿಯ ಬಳಿ ಇರುವುದಿಲ್ಲ. ಅವು ಹೈಪರ್‌ವೈಸರಿನ ಅತ್ಯಂತ ಒಳಕೋಣೆಯಲ್ಲಿರುತ್ತವೆ. ಸಾಮಾನ್ಯ ಪ್ರೋಗ್ರಾಮುಗಳಿಗೆ ಅಲ್ಲಿ ಪ್ರವೇಶವಿಲ್ಲ.

ಕರೆಗಳಲ್ಲಿ ಎರಡು ಜಾತಿ. ಕೂಸಿನ ಅಳು ಒಂದು ಜಾತಿ: ಹೋಗಿ ಎತ್ತಿಕೊಳ್ಳುವವರೆಗೆ ನಿಲ್ಲುವುದಿಲ್ಲ. ಬಾಗಿಲು ತಟ್ಟಿದ್ದು ಇನ್ನೊಂದು ಜಾತಿ: ಒಮ್ಮೆ ತಟ್ಟಿ ಸುಮ್ಮನಾಗುತ್ತದೆ. ಆಮೇಲೆ ಉಳಿಯುವುದು ಕಾವಲುಗಾರ ಹಾಕಿದ ಗುರುತೊಂದೇ. ದಾಟಿನ ಹೊತ್ತಿನಲ್ಲಿ ಅತಿಥಿಯ ನೆನಪೆಲ್ಲ ಗಾಳಿಮನೆಗೆ ಹೋಗುತ್ತಿತ್ತು. ಕಾವಲುಗಾರನ ಗುರುತುಗಳು ಬಿಸಿಲಮನೆಯ ಒಳಕೋಣೆಯಲ್ಲೇ ಉಳಿದು ಅಳಿಸಿಹೋಗುತ್ತಿದ್ದವು. ಆ ಕಡೆಯ ಹೊಸ ಕಾವಲುಗಾರ ಕಣ್ಣುಬಿಟ್ಟು, ಇನ್ನೂ ಯಾರು ಅಳುತ್ತಿದ್ದಾರೆಂದು ನೋಡಿ ಅವರ ಗುರುತನ್ನು ಮತ್ತೆ ಹಾಕಿಕೊಳ್ಳುತ್ತಿದ್ದ. ತಟ್ಟಿ ಸುಮ್ಮನಾದವರು ಅವನಿಗೆ ಕಾಣಿಸುತ್ತಿರಲಿಲ್ಲ. ತುಂಗಾ ಅವತ್ತು ಒತ್ತಿದ್ದು ಸರಿಯಾಗಿ ದಾಟಿನ ಆ ಕ್ಷಣದಲ್ಲೇ.

ಇದು ನೀಲಾಂಬಿಕಾ ಅವರಿಗೆ ಗೊತ್ತಿಲ್ಲದ್ದೇನಲ್ಲ. ದಾಟನ್ನು ಕಟ್ಟುವಾಗಲೇ ಅವರ ತಂಡ ಕುಳಿತು ಮಾತಾಡಿತ್ತು. ಒಂಟಿ ಕರೆಗಳಲ್ಲಿ ಹುಸಿಯೇ ಹೆಚ್ಚು ಎಂದು ಎಲ್ಲರೂ ಒಪ್ಪಿದ್ದರು: ಬೆಕ್ಕು ಹಾಯ್ದದ್ದು, ದಿಂಬು ಒತ್ತಿದ್ದು. ಯಾರೋ ನಗುತ್ತ, "ನಮ್ಮಜ್ಜಿ ಹೇಳ್ತಿದ್ಳು, ಒಂದ ಸಲ ಕರದ್ರ ಓ ಅನಬ್ಯಾಡ, ಅದು ದೆವ್ವ ಇರ್ತೈತಿ; ಮನಷ್ಯಾ ಆಗಿದ್ರ ಮತ್ತ ಕರೀತಾನ ಅಂತ" ಎಂದಿದ್ದರು. ಆ ಮಾತು ಕೇಳದೆ ಬೆಳೆದವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರೂ ನಕ್ಕಿದ್ದರು, ನೀಲಾಂಬಿಕಾ ಕೂಡ. ನಿಜವಾಗಿ ಬೇಕಿದ್ದವರು ಮತ್ತೆ ಒತ್ತುತ್ತಾರೆ ಎಂದು ತೀರ್ಮಾನವಾಗಿತ್ತು.

ಈಗ ಅವರಿಗೆ ನಗು ಬರಲಿಲ್ಲ.

ಒಂಟಿ ಗುರುತುಗಳನ್ನೂ ಒಳಕೋಣೆಯವರೇ ಗುಟ್ಟಾಗಿ ಸಾಗಿಸಿಬಿಟ್ಟರೆ ಯಂತ್ರ ಸರಿಹೋಗುತ್ತಿತ್ತು. ಆದರೆ ಮಗು ಸರಿಹೋಗುತ್ತಿರಲಿಲ್ಲ. 'ಒತ್ತೇ ಇಲ್ಲ' ಎಂದು ಹೇಳಿಸಿಕೊಂಡವಳಿಗೆ 'ಇನ್ನು ಮೇಲೆ ಸರಿಯಾಗಿದೆ' ಎಂಬ ಇನ್ನೊಂದು ಮಾತು ಸಾಕಾಗುವುದಿಲ್ಲ. ಅವಳ ಕರೆ ಇದೆಯೆಂದು ಅವಳಿಗೇ ಕಾಣಬೇಕು. ನೀಲಾಂಬಿಕಾ ಒಳಕೋಣೆಯ ಗೋಡೆಯಲ್ಲೊಂದು ಕಿಟಕಿ ಇಡಲು ನಿರ್ಧರಿಸಿದರು. ಹೊರಗೆ, ಸಾಮಾನ್ಯ ಪ್ರೋಗ್ರಾಮುಗಳು ಓಡಾಡುವ ಅಂಗಳದಲ್ಲಿ ನಿಂತೇ ಕಾವಲುಗಾರನ ಗೂಡುಗಳನ್ನು ಓದುವ, ದಾಟಿದ ಮೇಲೆ ಹೊಸ ಗೂಡುಗಳಲ್ಲಿ ಅವೇ ಗುರುತುಗಳನ್ನು ಬರೆಯುವ ಕಿಟಕಿ.

ಹಿರಿಯ ಎಂಜಿನಿಯರ್ ಒಬ್ಬರು ಒಪ್ಪಲಿಲ್ಲ. "ಅಡಗಿ ಮನಿ ಕೀಲಿಕೈ ಓಣಿ ಮಂದಿಗೆಲ್ಲಾ ಕೊಟ್ಟಂಗಾತಲ್ರಿ ಇದು. ಯಾರರ ಒಂದ ಗುರುತು ಅಳಿಸಿದ್ರ? ಇಲ್ಲದ್ದ ಬರದ್ರ?"

"ಕೀಲಿ ಯಾರಿಗೂ ಕೊಡೂದಿಲ್ರಿ. ಅತಿಥಿ ಉಸರ ಹಿಡದಾಗ ಅಷ್ಟ ಕಿಟಕಿ ತೆರೀತೈತಿ. ಒಳಗ ಒಲಿ ಹೊತ್ತಿದ್ದಾಗ ಕೈ ಹಾಕಾಕ ಬರೂದಿಲ್ಲ. ಬರಿಯೂದು ದಾಟು ಮಾಡಿಸೂ ಪ್ರೋಗ್ರಾಮ್ ಒಂದ. ಮನಿ ಮಂದಿ ತಮ್ಮ ತಮ್ಮ ಗುರುತು ನೋಡಬಹುದು, ಅಷ್ಟ."

"ನೋಡಿ ಏನ ಮಾಡ್ತಾರ?"

"ಗೊತ್ತಿಲ್ರಿ" ಎಂದರು ನೀಲಾಂಬಿಕಾ. ಅದು ಪ್ರಾಮಾಣಿಕವಾದ ಉತ್ತರವಾಗಿತ್ತು.

ಮಳೆಗಾಲ ಕಳೆಯುವ ಹೊತ್ತಿಗೆ ಕಿಟಕಿ ಸಿದ್ಧವಾಯಿತು. ಮೊದಲು ಅದನ್ನು ತುಂಗಾಳ ಮಂಚದ ಎದುರಿನ ಪರದೆಯಲ್ಲೇ ತೆರೆದರು. ಕಸ್ತೂರಿ ತಲೆದಿಂಬಿನ ಬಳಿ ನಿಂತಿದ್ದಳು. ನೀಲಾಂಬಿಕಾ ತಮ್ಮ ಬೆರಳಿಂದ ಗುಂಡಿಯನ್ನು ಒಮ್ಮೆ ಒತ್ತಿ ಕೈ ತೆಗೆದು, ಕರೆ ಮುಟ್ಟುವ ಮೊದಲೇ ಆ ಮನೆಯ ಅತಿಥಿ ಯಂತ್ರವನ್ನು ನಿಲ್ಲಿಸಿದರು. ಪರದೆಯಲ್ಲಿ ಸಾಲಾಗಿ ಖಾಲಿ ಗೂಡುಗಳು ಕಾಣಿಸಿದವು. ಒಂದರಲ್ಲಿ ಕೆಂಪು ಚುಕ್ಕಿ.

"ಇದು ಈಗ ಒತ್ತಿದ ಕರಿ. ಅವ್ವಗ ಇನ್ನೂ ಮುಟ್ಟಿಲ್ಲ. ದಾರ್ಯಾಗ ಐತಿ. ಈಗ ದಾಟಸ್ತೀನಿ ನೋಡು."

ಗೂಡುಗಳು ಮಾಯವಾಗಿ ಮತ್ತೆ ಮೂಡಿದವು. ಚುಕ್ಕಿ ತನ್ನ ಗೂಡಿನಲ್ಲೇ ಇತ್ತು. ಯಂತ್ರ ಉಸಿರು ಬಿಟ್ಟ ಕೂಡಲೇ ಕಸ್ತೂರಿಯ ಮಣಿಕಟ್ಟಿನ ಮೇಲೆ ಪಟ್ಟಿ ನಡುಗಿತು.

ತುಂಗಾ ಗೂಡುಗಳನ್ನು ಒಂದೊಂದಾಗಿ ನೋಡಿದಳು. ಕೊನೆಗೆ ಕೇಳಿದಳು: "ಅವತ್ತಿನ ಚುಕ್ಕಿ ಎಲ್ಲೈತಿ?"

ಇಂಥ ಪ್ರಶ್ನೆಗೆ ಹಲವು ಬಗೆಯ ಉತ್ತರಗಳಿರುತ್ತವೆ, ದೊಡ್ಡವರಿಗೆ. ನೀಲಾಂಬಿಕಾ ಅವುಗಳಲ್ಲಿ ಒಂದನ್ನೂ ಎತ್ತಿಕೊಳ್ಳಲಿಲ್ಲ.

"ಅದು ಇಲ್ಲವಾ. ನೀ ಒತ್ತಿದ್ದು ಖರೇ. ಚುಕ್ಕಿ ಬಿದ್ದಿದ್ದೂ ಖರೇ. ಒಮ್ಮೆ ಕರದವರದು ಉಳಸೂದು ಬ್ಯಾಡ ಅಂತ ನಾವ ಅದನ್ನ ಬಿಟ್ಟು ಹೋದ್ವಿ. ನಿಮ್ಮವ್ವನ ಕೈಗೆ ಅದು ಬರಲೇ ಇಲ್ಲ."

"ಅಂದ್ರ ಅವ್ವಗ ಕೇಳ್ಸೇ ಇಲ್ಲ?"

"ಕೇಳ್ಸಿಲ್ಲ."

ತುಂಗಾ ಕಣ್ಣು ಹೊರಳಿಸಿ ತಾಯಿಯನ್ನು ನೋಡಿದಳು. ಕಸ್ತೂರಿ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ್ದಳು. ಇಷ್ಟು ತಿಂಗಳು ಅವಳೂ ತನ್ನನ್ನೇ ಅನುಮಾನಿಸಿದ್ದಳು. ಪಟ್ಟಿ ನಡುಗಿತ್ತೋ ಏನೋ, ರೊಟ್ಟಿಯ ಸದ್ದಿನಲ್ಲಿ ನನಗೇ ತಿಳಿಯಲಿಲ್ಲವೋ ಏನೋ ಎಂದು.

"ಅವ್ವಾ" ಎಂದಳು ತುಂಗಾ. "ನಾಳಿಂದ ಕೆಲಸಕ್ಕ ಹೋಗು."

"ನಿನ್ನ ಬಿಟ್ಟು ಹ್ಯಾಂಗ ಹೋಗಲವಾ?"

"ನೀ ಇಲ್ಲೇ ಕುಂತ್ರ ನಾ ಯಾರನ್ನ ಕರೀಲಿ?"

ಮರುದಿನ ಕಸ್ತೂರಿ ರೊಟ್ಟಿ ಕೇಂದ್ರಕ್ಕೆ ಹೋದಳು. ಕಿಟಕಿಯನ್ನು ಈಗ ಅವಳ ಪಟ್ಟಿಗೂ ಜೋಡಿಸಿದ್ದರು: ದಾಟು ನಡೆಯುವಾಗ ಹಸಿರು ಗೆರೆ, ದಾರಿಯಲ್ಲಿರುವ ಕರೆಗೆ ಕೆಂಪು ಚುಕ್ಕಿ. ಹಿಟ್ಟು ನಾದುತ್ತಿದ್ದರೂ ಕಣ್ಣು ಪಟ್ಟಿಯ ಮೇಲೆ. ಗಾಳಿ ಎದ್ದಿತು. ಹಸಿರು ಗೆರೆ ಮೂಡಿತು. ಅವಳಿಗೆ ಅರಿಯದೆಯೇ ಅವಳ ಕೈಗಳು ನಿಂತವು. ಅವಳದು ನಿಂತದ್ದು ನೋಡಿ ಹುಸೇನಬಿಯದೂ, ಹುಸೇನಬಿಯದು ನೋಡಿ ಉಳಿದವರದೂ. ಇಡೀ ಕೇಂದ್ರ ಉಸಿರು ಹಿಡಿದು ಒಂದು ಮಣಿಕಟ್ಟನ್ನು ನೋಡಿತು. ಅಲ್ಲಿ ಸಣ್ಣಗೆ ಒಂದು ಕೆಂಪು ಚುಕ್ಕಿ.

ಓಡಿಹೋದ ತಾಯಿಗೆ ತುಂಗಾ ಹೇಳಿದ್ದು ಇಷ್ಟೇ: "ಏನಿಲ್ಲ. ಬರ್ತೀಯೋ ಇಲ್ಲೋ ನೋಡಿದೆ."

ಆ ಚಳಿಗಾಲದಲ್ಲಿ ಕಿಟಕಿ ಊರಿನ ಎಲ್ಲ ಕೈಪಟ್ಟಿಗಳಿಗೂ ಬಂತು. ಜನ ನೋಡಿ ಏನು ಮಾಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಸಿಗತೊಡಗಿದ್ದು ಆಗ. ಹುಸಿ ಎಂದು ಬಿಟ್ಟಿದ್ದ ಒಂಟಿ ಕರೆಗಳು ಅಷ್ಟೊಂದು ಹುಸಿಯಾಗಿರಲಿಲ್ಲ. ಬೆಕ್ಕುಗಳೂ ದಿಂಬುಗಳೂ ಇದ್ದವು ನಿಜ. ಆದರೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರಿದ್ದರು, ಪರೀಕ್ಷೆಯಲ್ಲಿ ನಪಾಸಾದ ಮಕ್ಕಳಿದ್ದರು, ನಡುವಯಸ್ಸಿನ ಗಂಡಸರಿದ್ದರು. ಒಮ್ಮೆ ಒತ್ತಿ, ಯಾರೂ ಓಗೊಡದಿದ್ದರೆ, ಅವರು ಮತ್ತೆ ಒತ್ತುತ್ತಿರಲಿಲ್ಲ. ಬೇಕಿದ್ದವರು ಮತ್ತೆ ಕರೆಯುತ್ತಾರೆ ಎಂಬ ತಂಡದ ತೀರ್ಮಾನ ತಲೆಕೆಳಗಾಗಿತ್ತು. ಬಹಳ ಬೇಕಿದ್ದವರೇ ಒಮ್ಮೆ ಮಾತ್ರ ಕರೆಯುತ್ತಿದ್ದರು.

"ನಮ್ಮ ಮುದುಕನೂ ದಿನಾ ಗಾಳಿ ಏಳೂ ಹೊತ್ತಿಗೆ ಒಂದ ಸಲ ಒತ್ತತಾನ" ಎಂದಳು ಹುಸೇನಬಿ ಒಂದು ಮಧ್ಯಾಹ್ನ, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ. "ಹೋಗಿ ಏನು ಅಂತ ಕೇಳಿದ್ರ, ಏನಿಲ್ಲ ಅಂತಾನ."

"ಏನಿಲ್ಲ ಅನ್ನಾಕ ಕರೀತಾನೇನ ಚಾಚಾ?" ಎಂದು ಯಾರೋ ನಕ್ಕರು.

ಹುಸೇನಬಿಯೂ ನಕ್ಕಳು. ರೊಟ್ಟಿ ತಿರುವಿ ಹಾಕಿದಳು. ಆಮೇಲೆ, "ಪಟ್ಟಿ ಕಟ್ಟಿದಾಗಿಂದ ಹಂಗ ಒತ್ತಿದ್ದಾನಂತ. ಒಮ್ಮೆನೂ ಹೇಳಿಲ್ಲ ನೋಡು" ಎಂದು ತನಗೇ ಹೇಳಿಕೊಂಡಳು. ಅವತ್ತು ಅವಳ ರೊಟ್ಟಿ ಹೊತ್ತಿತು. ಪಕ್ಕದಿಂದ ಕಸ್ತೂರಿ ಕೈ ಚಾಚಿ ಅದನ್ನು ತೆಗೆದಿಟ್ಟಳು.

ಆ ಊರಿನಲ್ಲಿ ಈಗ ಅಜ್ಜಿಯರು ಮಕ್ಕಳಿಗೆ ಹೇಳುವ ಮಾತು ಬೇರೆಯಾಗಿದೆ. ಎರಡ ಸಲ ಕರದವರು ಕಾಯ್ತಾರ, ಒಂದ ಸಲ ಕರದವರ ಹತ್ರ ಮೊದಲ ಹೋಗು ಅನ್ನುತ್ತಾರೆ. ದಾಟಿನ ಹೊತ್ತಿನಲ್ಲಿ ಕೈ ನಿಲ್ಲಿಸುವುದನ್ನು ಯಾರೂ ಯಾರಿಗೂ ಕಲಿಸಲಿಲ್ಲ. ಯಂತ್ರಕ್ಕೆ ಅದರ ಅಗತ್ಯವೂ ಇಲ್ಲ. ರೊಟ್ಟಿ ಕೇಂದ್ರದಿಂದ ಅದು ನೇಕಾರರ ಓಣಿಗೆ ಹೋಯಿತು, ಅಲ್ಲಿಂದ ಶಾಲೆಗಳಿಗೆ. ನೀಲಾಂಬಿಕಾ ಬಿಸಿಲಮನೆಯ ಮಾಳಿಗೆಯ ಮೇಲೆ ನಿಂತರೆ, ಗಾಳಿ ಏಳುವ ಆ ಕ್ಷಣ ಊರು ಒಮ್ಮೆ ಸುಮ್ಮನಾಗುವುದು ಅವರಿಗೆ ಕೇಳಿಸುತ್ತದೆ.

ಇದೆಲ್ಲ ಮುಂದೆಂದೋ ನಡೆಯುವ ಕಥೆ; ಆ ಕಿಟಕಿ ನಮ್ಮ ಕೈಗೆ ಬರಲು ಇನ್ನೂ ಬಹಳ ವರ್ಷ ಇದೆ. ಇಂದಿನ ಮನೆಗಳಲ್ಲಿ ಅಳುವ ಕರೆಗಳಿಗೇನೂ ಕೊರತೆಯಿಲ್ಲ. ಕುಕ್ಕರು ಕೂಗುತ್ತದೆ, ಫೋನು ಹೊಡೆದುಕೊಳ್ಳುತ್ತದೆ, ಚಿಕ್ಕದು ಚೀರುತ್ತದೆ. ನಾವು ಹೋಗಿಯೇ ಹೋಗುತ್ತೇವೆ. ಅಡುಗೆಮನೆಯ ಬಾಗಿಲವರೆಗೆ ಬಂದು "ಅಮ್ಮಾ" ಎಂದು ಒಮ್ಮೆ ಕರೆದು, ನಮ್ಮ ಗಡಿಬಿಡಿ ನೋಡಿ "ಏನಿಲ್ಲ" ಎಂದು ಹಿಂದಕ್ಕೆ ಹೋದವರ ಚುಕ್ಕಿ ಮಾತ್ರ ಯಾವ ಪಟ್ಟಿಯ ಮೇಲೂ ಮೂಡುವುದಿಲ್ಲ. ಅದಕ್ಕೆ ಒಲೆ ಸಣ್ಣ ಮಾಡಬೇಕು, ಕೈ ಒರೆಸಿಕೊಳ್ಳಬೇಕು, ಒಳಗೆ ಹೋಗಿ ನಾವೇ ಕೇಳಬೇಕು: ಆಗ ಕರೆದೆಯಲ್ಲ, ಏನು?